ಲೀನಿಯೇಜ್ ಓಎಸ್: ಹಳೇ ಫೋನಿಗೆ ಸೈ, ಯುಪಿಐ ಫೋನಿಗೆ ಬೇಡ

ಕಂಪನಿ ಅಪ್‌ಡೇಟ್ ನಿಲ್ಲಿಸಿದೆ, ಆದರೆ ಸ್ಕ್ರೀನು, ಬ್ಯಾಟರಿ ಇನ್ನೂ ಗಟ್ಟಿಯಾಗಿವೆ. ಆಂಡ್ರಾಯ್ಡ್‌ನ ಮುಕ್ತ ಕೋಡಿನಿಂದ ಕಟ್ಟಿದ ಉಚಿತ ಆಪರೇಟಿಂಗ್ ಸಿಸ್ಟಮ್ ಲೀನಿಯೇಜ್ ಓಎಸ್ ಇರುವುದೇ ಇಂಥ ಫೋನಿಗೆ. 2016ರ ಡಿಸೆಂಬರಿನಲ್ಲಿ ಸಯನೋಜನ್‌ಮಾಡ್ ಎಂಬ ಇಂಥದೇ ಯೋಜನೆ ಬಾಗಿಲು ಹಾಕಿದಾಗ ಅದರ ಕೋಡ್ ಹಿಡಿದುಕೊಂಡು ಶುರುವಾದದ್ದು ಇದು. ಜಾಹೀರಾತಿಲ್ಲ, ಕಂಪನಿ ತುರುಕಿದ ಆ್ಯಪ್‌ಗಳಿಲ್ಲ. ಪ್ಲೇ ಸ್ಟೋರೂ ಇಲ್ಲ, ಬೇಕಿದ್ದರೆ ನೀವೇ ಹಾಕಿಕೊಳ್ಳಬೇಕು.

ಹಾಕುವ ಮುನ್ನ ಲೀನಿಯೇಜ್‌ನವರ ವಿಕಿಯಲ್ಲಿ ಫೋನಿನ ಕೋಡ್‌ನೇಮ್ (ಮಾದರಿಯ ಒಳಹೆಸರು) ನೋಡಿ. ಹೆಸರು ಒಂದೇ ಇದ್ದರೂ ದೇಶಕ್ಕೊಂದು ಮಾದರಿ ಇರಬಹುದು. ಡೆವಲಪರ್ ಆಪ್ಷನ್ಸ್‌ನಲ್ಲಿ ಓಇಎಂ ಅನ್‌ಲಾಕಿಂಗ್ ಆನ್ ಮಾಡಿ ಬೂಟ್‌ಲೋಡರಿನ (ಫೋನ್ ಆನ್ ಆಗುವಾಗ ಓಎಸ್ ಎಬ್ಬಿಸುವ ಪ್ರೋಗ್ರಾಮ್) ಲಾಕ್ ತೆರೆದ ಕ್ಷಣ ಫೋನಿನಲ್ಲಿರುವುದೆಲ್ಲ ಅಳಿಸಿಹೋಗುತ್ತದೆ. ಬ್ಯಾಕಪ್ ಅದಕ್ಕೂ ಮೊದಲೇ ಆಗಿರಲಿ.

ಮುಂದಿನದರಲ್ಲಿ ಕ್ರಮ ತಪ್ಪಬಾರದು: ಲೀನಿಯೇಜ್ ರಿಕವರಿ (ಓಎಸ್ ಹಾಕಲು ನೆರವಾಗುವ ಪುಟ್ಟ ವ್ಯವಸ್ಥೆ) ಫ್ಲ್ಯಾಶ್ ಮಾಡಿ, ಅಂದರೆ ಫೋನಿನ ಮೆಮೊರಿಗೆ ಬರೆದು, ಫಾರ್ಮ್ಯಾಟ್ ಡೇಟಾ ಒತ್ತಿ, ಆಮೇಲೆ ಎಡಿಬಿ ಸೈಡ್‌ಲೋಡ್, ಅಂದರೆ ಕಂಪ್ಯೂಟರಿನಿಂದ ಕೇಬಲ್ ಮೂಲಕ ಓಎಸ್ ಫೈಲ್ ಕಳಿಸುವುದು. ಕಂಪ್ಯೂಟರಿನಲ್ಲಿ 47%ಕ್ಕೆ ನಿಂತುಬಿಟ್ಟರೆ ಗಾಬರಿಯಾಗಿ ಕೇಬಲ್ ಕೀಳಬೇಡಿ. ಎಷ್ಟೋ ಫೋನುಗಳಲ್ಲಿ ಅದು ಮುಗಿಯುವುದೇ ಹಾಗೆ. ಫೋನಿನ ಪರದೆ ಏನು ಹೇಳುತ್ತದೆ ಅದನ್ನು ನಂಬಿ. ಗೂಗಲ್ ಸೇವೆ ಬೇಕಾದವರು ಮೈಂಡ್‌ದಗ್ಯಾಪ್ಸ್ ಎಂಬ ಗೂಗಲ್ ಆ್ಯಪ್‌ಗಳ (ಗ್ಯಾಪ್ಸ್) ಪ್ಯಾಕೇಜನ್ನು ಮೊದಲ ಬೂಟ್‌ಗೆ ಮುಂಚೆಯೇ ಹಾಕಬೇಕು. ಆಗ 'ಸಿಗ್ನೇಚರ್ ವೆರಿಫಿಕೇಶನ್ ಫೇಲ್ಡ್' ಎಂದು ಬರುತ್ತದೆ. ಆ ಪ್ಯಾಕೇಜಿಗೆ ಲೀನಿಯೇಜ್‌ನವರ ಸಹಿ ಇರುವುದಿಲ್ಲ, ಅಷ್ಟೇ. ಯೆಸ್ ಒತ್ತಿ ಮುಂದೆ ಹೋಗಿ. ಒಮ್ಮೆ ಬೂಟ್ ಮಾಡಿ ಆಮೇಲೆ ಹಾಕಿದರೆ ಪ್ಲೇ ಸೇವೆಗಳು ಕ್ರ್ಯಾಶ್ ಆಗುತ್ತಲೇ ಇರುತ್ತವೆ. ಪುನಃ ಫಾರ್ಮ್ಯಾಟ್ ಮಾಡಬೇಕಾಗುತ್ತದೆ.

ದೊಡ್ಡ ತೊಡಕು ಬ್ಯಾಂಕ್ ಆ್ಯಪ್‌ಗಳದ್ದು. ಬೂಟ್‌ಲೋಡರ್ ತೆರೆದಿರುವುದರಿಂದ ಫೋನಿನ ಓಎಸ್ ಅಧಿಕೃತವೇ ಎಂದು ನೋಡುವ ಗೂಗಲ್‌ನ ಪ್ಲೇ ಇಂಟೆಗ್ರಿಟಿ ಪರೀಕ್ಷೆಯಲ್ಲಿ ಫೋನ್ ಪಾಸಾಗುವುದಿಲ್ಲ. ಕೆಲವು ಯುಪಿಐ ಆ್ಯಪ್ ನಡೆಯುತ್ತವೆ, ಕೆಲವು ತೆರೆಯುವುದೇ ಇಲ್ಲ, ಇವತ್ತು ನಡೆದದ್ದು ನಾಳೆ ಅಪ್‌ಡೇಟ್ ಆದ ಮೇಲೆ ಕೈಕೊಡಬಹುದು. ಸರಿಯಾದೀತೆಂದು ಬೂಟ್‌ಲೋಡರ್ ಮತ್ತೆ ಲಾಕ್ ಮಾಡಲು ಹೋದರೆ ಫೋನೇ ಬ್ರಿಕ್ ಆಗಿ ಕೆಲಸಕ್ಕೆ ಬಾರದಂತಾಗಬಹುದು. ಸಂತೆಯಲ್ಲಿ ಸೊಪ್ಪಿಗೂ ಕ್ಯೂಆರ್ ಹಿಡಿಯುವ ಕಾಲ ಇದು. ಇರುವ ಒಂದೇ ಫೋನಿಗೆ ಇದನ್ನು ಹಾಕಬೇಡಿ. ವೈಡ್‌ವೈನ್ ಎಂಬ ವಿಡಿಯೊ ನಕಲು-ತಡೆಯ ಮಟ್ಟ ಎಲ್1 ಹೋಗಿ ಎಲ್3ಗೆ ಇಳಿದರೆ ಓಟಿಟಿ ಸಿನಿಮಾ ಮಸುಕಾಗಿ ಕಾಣುವುದೂ ಉಂಟು.

ಸೆಟ್ಟಿಂಗ್ಸ್‌ನಲ್ಲಿ ಸೆಕ್ಯುರಿಟಿ ಪ್ಯಾಚ್ ದಿನಾಂಕ ಎರಡಿರುತ್ತದೆ. ಆಂಡ್ರಾಯ್ಡ್‌ನದು ಹೊಸದು, ವೆಂಡರ್‌ನದು (ಫೋನ್, ಚಿಪ್ ಕಂಪನಿಗಳ ಕೋಡಿನದು) ಕಂಪನಿ ಕೈಬಿಟ್ಟ ತಿಂಗಳಿನದೇ. ಮೋಡೆಮ್‌ನಂಥ ಭಾಗಗಳ ಮುಚ್ಚಿದ ಕೋಡನ್ನು ಲೀನಿಯೇಜ್‌ನವರೂ ತಿದ್ದಲಾರರು.

ಕನ್ನಡ ಟೈಪಿಂಗ್‌ಗೆ ಎಫ್-ಡ್ರಾಯ್ಡ್ ಎಂಬ ಮುಕ್ತ ಆ್ಯಪ್ ಅಂಗಡಿಯ ಇಂಡಿಕ್ ಕೀಬೋರ್ಡ್ ಸಾಕು. ವಾರವಾರದ ಅಪ್‌ಡೇಟ್ ಫೋನಿನಲ್ಲೇ ಬರುತ್ತದೆ. ಆದರೆ ಲೀನಿಯೇಜ್ 21ನೇ ಆವೃತ್ತಿಯಿಂದ 22ಕ್ಕೆ ಹೋಗುವಾಗ ಮತ್ತೆ ಕೇಬಲ್, ಮತ್ತೆ ಸೈಡ್‌ಲೋಡ್, ಆ ಆವೃತ್ತಿಗೆ ಹೊಂದುವ ಗ್ಯಾಪ್ಸ್ ಸಮೇತ.