ಮಿ-24 ಕಿಟ್: 1/72, 1/48, 1/35 ಮೂರನ್ನೂ ಕಟ್ಟಿ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ಸೋವಿಯತ್ ದಾಳಿ ಹೆಲಿಕಾಪ್ಟರ್ ಮಿ-24ರ ಪ್ಲಾಸ್ಟಿಕ್ ಮಾದರಿಯನ್ನು ಅಳತೆಗೆ ಸರಿಯಾಗಿ ಕಟ್ಟಬೇಕು ಅಂತ ಆಸೆಯಿದ್ದರೆ 1/48, ಅಂದರೆ ನಿಜದ್ದರ 48ರಲ್ಲಿ ಒಂದು ಪಾಲು ಅಳತೆಯ ಕಿಟ್ ತೆಗೆದುಕೊಳ್ಳಿ. 1/72 ಚೆನ್ನಾಗಿದೆ, 1/35 ಎದುರಿಗಿಟ್ಟರೆ ಮನೆಗೆ ಬಂದವರೆಲ್ಲ ನಿಂತು ನೋಡುತ್ತಾರೆ. ಆದರೆ ಮೂರನ್ನೂ ಕಟ್ಟಿ ಅಕ್ಕಪಕ್ಕ ಇಟ್ಟ ಮೇಲೆ ನನ್ನ ಮನಸ್ಸು 48ರ ಹತ್ತಿರವೇ ನಿಂತಿದೆ. ಯಾಕೆ ಅಂತ ಹೇಳುತ್ತೇನೆ. ಬರೀ ಕಿಟ್ ಕಂಪನಿಯ ಹೆಸರು ನೋಡಿ ಆಯ್ಕೆ ಮಾಡುವವರು ಇದನ್ನು ಓದಲೇಬೇಕು, ಯಾಕಂದರೆ ಈ ಹೆಲಿಕಾಪ್ಟರಿನ ವಿಷಯದಲ್ಲಿ ಕಂಪನಿಗಿಂತ ಅಳತೆಯೇ ಜಾಸ್ತಿ ಕೆಲಸ ಮಾಡುತ್ತದೆ.

ಮಿ-24 ಯಾಕೆ ಅಂದರೆ ನಮ್ಮ ವಾಯುಸೇನೆಯೂ ಇದನ್ನು ಹಾರಿಸಿದೆ. ರಫ್ತಿಗೆ ಮಾಡಿದ ಮಿ-25 ಮತ್ತು ಮಿ-35 ನಮ್ಮಲ್ಲಿಗೆ ಬಂದವು, ಇಲ್ಲಿ ಅದಕ್ಕೆ ಅಕ್ಬರ್ ಅನ್ನುವ ಹೆಸರಾಯಿತು. ಮಿ-25 ಶ್ರೀಲಂಕಾದಲ್ಲಿ ಶಾಂತಿಪಾಲನಾ ಪಡೆಯ ಜೊತೆ ಹಾರಿತ್ತು. ಅದನ್ನು ಹಾರಿಸುತ್ತಿದ್ದ 125ನೇ ಸ್ಕ್ವಾಡ್ರನ್‌ಗೆ 2019ರ ಸೆಪ್ಟೆಂಬರ್‌ನಲ್ಲಿ ಪಠಾಣ್‌ಕೋಟ್‌ನಲ್ಲಿ ಅಮೆರಿಕದ ಅಪಾಚೆ ಹೆಲಿಕಾಪ್ಟರ್ ಬಂತು. ಮಿ-24ರ ಮೈ ಹೀಗಿದೆ: ಮುಂದೆ ಗನ್ನರ್, ಹಿಂದೆ ಸ್ವಲ್ಪ ಎತ್ತರದಲ್ಲಿ ಪೈಲಟ್, ಅವರ ಹಿಂದೆ 8 ಸೈನಿಕರು ಕೂರುವ ಕ್ಯಾಬಿನ್. ಇಂಥ ಮೈಕಟ್ಟಿನ ದಾಳಿ ಹೆಲಿಕಾಪ್ಟರ್ ಬೇರೆ ಇಲ್ಲ ಅಂತಲೇ ಹೇಳಬಹುದು.

ಈಗ ಮುಖ್ಯ ವಿಷಯ. ಮಿ-24 ನೆಟ್ಟಗೆ ನಿಲ್ಲುವುದಿಲ್ಲ. ಬಾಲದಲ್ಲಿ ತಿರುಗುವ ಫ್ಯಾನ್, ಅಂದರೆ ಹಿಂದಿನ ರೋಟರ್, ಪಕ್ಕಕ್ಕೆ ತಳ್ಳುವುದರಿಂದ ಗಾಳಿಯಲ್ಲಿ ಒಂದೇ ಕಡೆ ನಿಂತಾಗ ಹೆಲಿಕಾಪ್ಟರ್ ಒಂದು ಬದಿಗೆ ಜಾರುತ್ತದೆ, ಅದನ್ನು ಸರಿದೂಗಿಸಲು ಮುಖ್ಯ ರೋಟರಿನ ಕಂಬವನ್ನು 2.5 ಡಿಗ್ರಿ ಬಲಕ್ಕೆ ವಾಲಿಸಿದ್ದಾರೆ. ನೆಲದ ಮೇಲೆ ನಿಂತಾಗ ರೋಟರ್ ಸಮತಟ್ಟಾಗಿ ಇರಲಿ ಅಂತ ಚಕ್ರದ ಕಾಲುಗಳನ್ನೂ ಅದಕ್ಕೆ ತಕ್ಕ ಹಾಗೆ ಮಾಡಿದ್ದಾರೆ. ಹಾಗಾಗಿ ಇಡೀ ಮೈ ಎಡಕ್ಕೆ ವಾಲಿಕೊಂಡೇ ನಿಲ್ಲುತ್ತದೆ. ಬಾಲದ ನೆಟ್ಟಗಿನ ಫಿನ್ ಕೂಡ ಎರಡೂ ಬದಿ ಒಂದೇ ಥರ ಇಲ್ಲ, ವೇಗವಾಗಿ ಹೋಗುವಾಗ ಅದೇ ಪಕ್ಕಕ್ಕೆ ತಳ್ಳಿ ಹಿಂದಿನ ರೋಟರಿನ ಹೊರೆ ಇಳಿಸುತ್ತದೆ. ಎದುರಿನಿಂದ ತೆಗೆದ ಯಾವುದಾದರೂ ಒಳ್ಳೆಯ ಫೋಟೊ ನೋಡಿ, ಒಮ್ಮೆ ಕಣ್ಣಿಗೆ ಬಿತ್ತೋ, ಆಮೇಲೆ ಬಿಡುವುದೇ ಇಲ್ಲ.

2.5 ಡಿಗ್ರಿ ಅಂದರೆ ಏನು ಮಹಾ ಅನ್ನಿಸಬಹುದು. ಲೆಕ್ಕ ಹಾಕಿ ನೋಡಿ. ಎರಡು ಪಕ್ಕದ ಗಿಡ್ಡ ರೆಕ್ಕೆಗಳು ತುದಿಯಿಂದ ತುದಿಗೆ ಸುಮಾರು 6.5 ಮೀಟರ್. 1/48ರಲ್ಲಿ ಅದು 13.5 ಸೆಂ.ಮೀ. ಆಗುತ್ತದೆ, ಎಡ ತುದಿ ಬಲ ತುದಿಗಿಂತ ಸುಮಾರು 6 ಮಿ.ಮೀ. ಕೆಳಗಿರಬೇಕು. 1/72ರಲ್ಲಿ 4 ಮಿ.ಮೀ., 1/35ರಲ್ಲಿ 8 ಮಿ.ಮೀ. ಇದು ಅಳತೆಪಟ್ಟಿ ಇಲ್ಲದೆಯೂ ಕಾಣುವಂಥ ವ್ಯತ್ಯಾಸ. ಅದಕ್ಕೇ ನಾನು ಯಾವ ಪೆಟ್ಟಿಗೆ ತೆರೆದರೂ ಗ್ಲೂ ಮುಟ್ಟುವ ಮೊದಲು ಮೈಯ ಎರಡು ಹೋಳುಗಳನ್ನು ಟೇಪ್ ಹಾಕಿ ಜೋಡಿಸಿ, ಕಾಲುಗಳನ್ನು ಸುಮ್ನೆ ಸಿಕ್ಕಿಸಿ, ಗಾಜಿನ ತುಂಡಿನ ಮೇಲೆ ನಿಲ್ಲಿಸಿ ಎದುರಿನಿಂದ ನೋಡುತ್ತೇನೆ. ರೋಟರಿನ ರಂಧ್ರಕ್ಕೆ ನೇರವಾದ ಕಡ್ಡಿ ಚುಚ್ಚಿದರೆ ಅದು ಗಾಜಿಗೆ ಲಂಬವಾಗಿ ನಿಲ್ಲಬೇಕು, ಮೈ ಮಾತ್ರ ವಾಲಿರಬೇಕು. ಕಡ್ಡಿಯೂ ಮೈಯೂ ಒಟ್ಟಿಗೆ ನೆಟ್ಟಗಿದ್ದರೆ ಕಾಲು ಮತ್ತು ಕಂಬದ ಬುಡ ಎರಡನ್ನೂ ತಿದ್ದಬೇಕು ಅಂತ ಅರ್ಥ.

ಈ ತಿದ್ದುವ ಕೆಲಸದಲ್ಲೇ ಅಳತೆಯ ವ್ಯತ್ಯಾಸ ಗೊತ್ತಾಗುವುದು. ಮುಖ್ಯ ಚಕ್ರಗಳ ನಡುವೆ ಸುಮಾರು 3 ಮೀಟರ್ ಅಂತರ. 1/72ರಲ್ಲಿ ಎರಡು ಕಾಲುಗಳ ಎತ್ತರದಲ್ಲಿ ಬೇಕಾದ ವ್ಯತ್ಯಾಸ 2 ಮಿ.ಮೀ.ಗಿಂತ ಕಡಿಮೆ, ಕಾಲೋ ಬೆಂಕಿಕಡ್ಡಿಗಿಂತ ತೆಳ್ಳಗೆ. ಉಪ್ಪುಕಾಗದ ಎರಡು ಸಲ ಜಾಸ್ತಿ ಉಜ್ಜಿದರೆ ಮುಗಿಯಿತು. 1/48ರಲ್ಲಿ 2.7 ಮಿ.ಮೀ.ನಷ್ಟು ಜಾಗ ಸಿಗುತ್ತದೆ, ಕತ್ತರಿಸಿ ಒಳಗೆ ಹಿತ್ತಾಳೆ ತಂತಿ ಕೂರಿಸಿ ಮತ್ತೆ ಅಂಟಿಸಬಹುದು. 1/35ರಲ್ಲಿ ಕತ್ತರಿಸುವುದು ಸುಲಭ, ಆದರೆ ಮೈಯ ಭಾರ ಎಷ್ಟಿರುತ್ತದೆ ಅಂದರೆ ತಂತಿ ಇಲ್ಲದೆ ಆ ಕಾಲನ್ನು ನಂಬುವ ಹಾಗಿಲ್ಲ.

1/72ರಲ್ಲಿ ನಾನು ಕಟ್ಟಿದ್ದು ರಷ್ಯಾದ ಕಿಟ್ ಕಂಪನಿ ಜ್ವೆಜ್ಡಾದ ಮಿ-24ವಿ. ಮೈ 24 ಸೆಂ.ಮೀ. ಉದ್ದ, ರೋಟರೂ ಅಷ್ಟೇ ಅಗಲ, ಸಾಮಾನ್ಯ ಪುಸ್ತಕದ ಕಪಾಟಿನಲ್ಲಿ ಆರಾಮಾಗಿ ಕೂರುತ್ತದೆ. ಪಕ್ಕದಲ್ಲಿ ಇದೇ ಅಳತೆಯ ಮಿಗ್, ಜಾಗ್ವಾರ್ ಇಟ್ಟರೆ ಒಂದು ಸೇನೆಯೇ ಆಗುತ್ತದೆ. ಜಾಗ ಕಡಿಮೆ ಇರುವವರಿಗೆ, ಮೊದಲ ಹೆಲಿಕಾಪ್ಟರ್ ಕಟ್ಟುವವರಿಗೆ ಇದೇ ಸರಿ. ಆದರೆ ಕ್ಯಾಬಿನ್ನಿಗೆ ಗಂಟೆಗಟ್ಟಲೆ ಬಣ್ಣ ಹಚ್ಚಿದ್ದು ಬಾಗಿಲು ಮುಚ್ಚಿದ ಮೇಲೆ ಏನೂ ಕಾಣಲಿಲ್ಲ. ಮೂಗಿನ ಹತ್ತಿರ ಗನ್ನರ್ ಗಾಜಿನ ಪಕ್ಕದಿಂದ ಮುಂದಕ್ಕೆ ಚಾಚುವ ಗಾಳಿಯ ಸೆನ್ಸರ್ ಕಡ್ಡಿಯನ್ನು ಇಲ್ಲಿ ಪ್ಲಾಸ್ಟಿಕ್‌ನಲ್ಲಿ ಸರಿಯಾದ ದಪ್ಪಕ್ಕೆ ಮಾಡುವುದು ಅಸಾಧ್ಯ. ನಾನು ಅದನ್ನು ತೆಗೆದು ಇಂಜೆಕ್ಷನ್ ಸೂಜಿಯ ತುಂಡು ಹಾಕಿದೆ, ಅದೊಂದರಿಂದಲೇ ಮಾದರಿಯ ಮುಖ ಬದಲಾಯಿತು.

ರಿವೆಟ್‌ಗಳ ಕಥೆಯೂ ಹೀಗೇ. 5 ಮಿ.ಮೀ. ತಲೆಯ ಒಂದು ರಿವೆಟ್ ಇಟ್ಟುಕೊಳ್ಳಿ. 1/72ರಲ್ಲಿ ಅದು 0.07 ಮಿ.ಮೀ., 1/48ರಲ್ಲಿ 0.1, 1/35ರಲ್ಲಿ 0.14. ಇಷ್ಟು ಸಣ್ಣದನ್ನು ಯಾವ ಅಚ್ಚಿನಲ್ಲೂ ನಿಜದ ಅಳತೆಗೆ ತರಲಾಗದು, ಕಣ್ಣಿಗೆ ಕಾಣಲಿ ಅಂತ ಎಲ್ಲರೂ ದೊಡ್ಡದು ಮಾಡುತ್ತಾರೆ. ತಗಡಿನ ಜೋಡಣೆಯ ಗೆರೆಗಳೂ ಅಷ್ಟೇ. ಹಾಗಾಗಿ 1/72ರಲ್ಲಿ ಕಪ್ಪು ವಾಶ್ (ಗೆರೆಗಳು ಎದ್ದು ಕಾಣಲಿ ಅಂತ ಹರಿಸುವ ತೆಳು ಬಣ್ಣ) ಹಾಕಬೇಡಿ, ದಯವಿಟ್ಟು. ಮೈಬಣ್ಣಕ್ಕಿಂತ ಸ್ವಲ್ಪ ಗಾಢವಾದ ಬೂದು ಸಾಕು. 1/35ರಲ್ಲಿ ವಾಶ್ ಚೆನ್ನಾಗಿ ಕಾಣುತ್ತದೆ, ಆದರೆ ಅಲ್ಲಿ ಬೇರೆ ಕಷ್ಟ: ಮೈ ದೊಡ್ಡದಾದಷ್ಟೂ ಖಾಲಿ ಜಾಗ ಜಾಸ್ತಿ, ಒಂದೇ ಬಣ್ಣ ಬಳಿದು ಬಿಟ್ಟರೆ ಆಟದ ಸಾಮಾನಿನ ಹಾಗೆ ಕಾಣುತ್ತದೆ.

1/48ರಲ್ಲಿ ಎರಡು ಕಟ್ಟಿದ್ದೇನೆ. ಒಂದು ಮೊನೊಗ್ರಾಮ್ ಕಂಪನಿಯದು, 1980ರ ದಶಕದ ಅಚ್ಚು, ಆಮೇಲೆ ರೆವೆಲ್ ಪೆಟ್ಟಿಗೆಯಲ್ಲೂ ಬಂದಿದೆ. ಶೀತಲ ಸಮರ ಇನ್ನೂ ಮುಗಿಯದ ಕಾಲದಲ್ಲಿ ಮಾಡಿದ್ದು. ಗೆರೆಗಳು ಉಬ್ಬಿಕೊಂಡಿವೆ, ಬಿಡಿಭಾಗ ಕಡಿಮೆ. ಆದರೂ ಕಟ್ಟಿ ಮುಗಿಸಿ ಎರಡು ಮಾರು ದೂರದಿಂದ ನೋಡಿದರೆ ಅದು ಮಿ-24 ಅಂತ ಯಾರನ್ನೂ ಕೇಳಬೇಕಾಗಿಲ್ಲ. ಆ ಗೂನುಬೆನ್ನು, ಆ ಎರಡು ಗುಳ್ಳೆ ಗಾಜು, ಎಲ್ಲ ಇದೆ. ಇದು ಹಳೇ ದಾಸ್ತಾನಿನಲ್ಲಿ ಕಡಿಮೆ ಬೆಲೆಗೆ ಸಿಕ್ಕರೆ ಬಿಡಬೇಡಿ.

ಇನ್ನೊಂದು ಜ್ವೆಜ್ಡಾ, 2020ರ ಆಸುಪಾಸಿನಲ್ಲಿ ಬಂದದ್ದು. ಇದು ಬೇರೆ ಲೋಕ. ಟಿವಿ3-117 ಎಂಜಿನ್ ಎರಡೂ ಇವೆ, ಮುಚ್ಚಳ ತೆರೆದಿಟ್ಟು ತೋರಿಸಬಹುದು. ಕ್ಯಾಬಿನ್ ಬಾಗಿಲು ನಿಜದಲ್ಲಿ ಅಡ್ಡಕ್ಕೆ ಎರಡು ಭಾಗ, ಮೇಲಿನದು ಮೇಲಕ್ಕೆ, ಕೆಳಗಿನದು ಕೆಳಕ್ಕೆ ತೆರೆದು ಮೆಟ್ಟಿಲಾಗುತ್ತದೆ. ಈ ಅಳತೆಯಲ್ಲಿ ಅದನ್ನು ತೆರೆದಿಟ್ಟರೆ ಒಳಗಿನ ಸೀಟುಗಳು ನಿಜಕ್ಕೂ ಕಾಣುತ್ತವೆ. ಪೈಲಟ್ ಬಾಗಿಲು ಬಲಕ್ಕೆ, ಕಾರಿನ ಬಾಗಿಲಿನ ಥರ, ಅದನ್ನೂ ತೆರೆದಿಡಿ, ಒಳಗಿನ ಆ ರಷ್ಯನ್ ಹಸಿರು-ನೀಲಿ ಬಣ್ಣಕ್ಕೆ ಬೆಳಕು ಬಿದ್ದಾಗ ಪಟ್ಟ ಶ್ರಮವೆಲ್ಲ ಸಾರ್ಥಕ ಅನ್ನಿಸುತ್ತದೆ. ಆತುರ ಮಾತ್ರ ಬೇಡ. ಒಳಗಿನ ಭಾಗಗಳು ಒಂದಕ್ಕೊಂದು ಒತ್ತಿಕೊಂಡು ಕೂರುವುದರಿಂದ ಬಣ್ಣದ ಪದರವೇ ಅಡ್ಡ ಬರುತ್ತದೆ, ಅಂಟುವ ಜಾಗದ ಬಣ್ಣವನ್ನು ಕೆರೆದು ತೆಗೆಯಲೇಬೇಕು. ಮೂಗಿಗೆ ತೂಕ ಹಾಕುವುದನ್ನು ಮರೆಯಬೇಡಿ, ಮೀನು ಹಿಡಿಯುವ ಗಾಳದ ಸೀಸದ ಗುಂಡು ತಟ್ಟಿ ಚಪ್ಪಟೆ ಮಾಡಿದರೆ ಗನ್ನರ್ ಸೀಟಿನ ಕೆಳಗೆ ಹಿಡಿಯುತ್ತದೆ.

1/35ರಲ್ಲಿ ನಾನು ಕಟ್ಟಿದ್ದು ಟ್ರಂಪೀಟರ್ ಕಂಪನಿಯದು. ಮೈ 50 ಸೆಂ.ಮೀ., ರೋಟರ್ 49 ಸೆಂ.ಮೀ. ಇದೇ ಅಳತೆಯ ಟ್ಯಾಂಕ್, ಸೈನಿಕರ ಜೊತೆ ದೃಶ್ಯ ಕಟ್ಟುವವರಿಗೆ ಇದು ಬಿಟ್ಟರೆ ದಾರಿ ಇಲ್ಲ, ಅವರಿಗೆ ಕಣ್ಣುಮುಚ್ಚಿ ಹೇಳುತ್ತೇನೆ, ತೆಗೆದುಕೊಳ್ಳಿ. ಬರೀ ಹೆಲಿಕಾಪ್ಟರ್ ಬೇಕು ಅನ್ನುವವರು ಮೊದಲು ಮನೆಯಲ್ಲಿ ಅರ್ಧ ಮೀಟರ್ ಚೌಕದ ಧೂಳಿಲ್ಲದ ಜಾಗ ಹುಡುಕಲಿ. ನನ್ನದು ಬೀರುವಿನ ಮೇಲಿದೆ, ಧೂಳು ಒರೆಸುವಾಗಲೆಲ್ಲ ಭಯ.

ರೋಟರ್ ಬಗ್ಗೆ ಎರಡು ಮಾತು, ಮೂರೂ ಅಳತೆಗೆ. ಮಿ-24ರ ಮುಖ್ಯ ರೋಟರ್ ಮೇಲಿನಿಂದ ನೋಡಿದರೆ ಗಡಿಯಾರದ ದಿಕ್ಕಿಗೆ ತಿರುಗುತ್ತದೆ, ಅಪಾಚೆ ಅದಕ್ಕೆ ಉಲ್ಟಾ. ಬ್ಲೇಡಿನ ದಪ್ಪ ಅಂಚು ತಿರುಗುವ ಕಡೆಗೆ ಇರಬೇಕು. ನಿಂತಿರುವ ಹೆಲಿಕಾಪ್ಟರಿನ 5 ಬ್ಲೇಡುಗಳೂ ತಮ್ಮ ಭಾರಕ್ಕೆ ಜೋತುಬಿದ್ದಿರುತ್ತವೆ. ಬಿಸಿನೀರಿನಲ್ಲಿ ಅದ್ದಿ, ಬೆರಳಿನಿಂದ ಬುಡದಿಂದ ತುದಿಗೆ ನಿಧಾನಕ್ಕೆ ಬಾಗಿಸಿ, ತಣ್ಣೀರಿಗೆ ಹಾಕಿ. 1/48ರ ಬ್ಲೇಡ್ ಇದಕ್ಕೆ ಹದವಾಗಿದೆ. 1/72ರಲ್ಲಿ ಐದನ್ನೂ ಒಂದೇ ಥರ ಬಾಗಿಸುವುದು ಕಷ್ಟ, ಬಾಟಲಿಯ ಮೈಗೆ ಟೇಪ್ ಹಾಕಿ ಸುತ್ತಿ ಬಾಗಿಸಿ.

ಕರಾವಳಿಯವರು ಮಳೆಗಾಲದಲ್ಲಿ ಲ್ಯಾಕರ್ ಸ್ಪ್ರೇ ಹೊಡೆಯಬೇಡಿ, ತೇವಕ್ಕೆ ಬಣ್ಣ ಬೆಳ್ಳಗೆ ಮಂಜಾಗುತ್ತದೆ. 1/72 ಆದರೆ ಅಕ್ರಿಲಿಕ್ ಬ್ರಶ್‌ನಲ್ಲೇ ಮುಗಿಸಬಹುದು, 1/35ಕ್ಕೆ ಏರ್‌ಬ್ರಶ್ ಇಲ್ಲದೆ ಆಗುವುದಿಲ್ಲ.

ನಮ್ಮ ವಾಯುಸೇನೆಯದ್ದೇ ಬೇಕು ಅನ್ನುವವರು ಪೆಟ್ಟಿಗೆ ಮೇಲಿನ ಅಕ್ಷರ ನೋಡಿ ಕೊಳ್ಳಿ. ಮಿ-35 ಅಂದರೆ ವಿ ಮಾದರಿ, ಕೊಳವೆಯೊಳಗಿನ ಶ್ತೂರ್ಮ್ ಕ್ಷಿಪಣಿ. ಶ್ರೀಲಂಕಾಕ್ಕೆ ಹೋದ ಮಿ-25 ಡಿ ಮಾದರಿ, ಅದರ ರೆಕ್ಕೆ ತುದಿಯಲ್ಲಿ ಹಳಿಯ ಮೇಲೆ ಕೂರುವ ಫಲಾಂಗಾ ಕ್ಷಿಪಣಿ, ಮೂಗಿನ ಕೆಳಗೆ ಎಡಕ್ಕಿರುವ ಆಂಟೆನಾ ಗೂಡಿನ ಆಕಾರವೂ ಬೇರೆ. ವಿ ಕಿಟ್ ತಂದು ಡಿ ಮಾಡುವುದಾದರೆ ಈ ಎರಡೂ ಬದಲಾಗಬೇಕು, ಅದಕ್ಕೂ 1/48ರಲ್ಲೇ ಕೈಯಾಡಿಸಲು ಜಾಗ ಇದೆ. ನಾನು ಕಟ್ಟಿದ ಪೆಟ್ಟಿಗೆಗಳಲ್ಲಿ ಭಾರತದ ಡೆಕಾಲ್ (ಮೈಗೆ ಅಂಟಿಸುವ ಗುರುತಿನ ಚಿತ್ರ) ಇರಲಿಲ್ಲ. ವೃತ್ತದ ಗುರುತು ಹೊರಗೆ ಕೇಸರಿ, ನಡುವೆ ಬಿಳಿ, ಒಳಗೆ ಹಸಿರು. ಡೆಕಾಲ್ ಕಾಗದದಲ್ಲಿ ಮನೆಯಲ್ಲೇ ಪ್ರಿಂಟ್ ಹಾಕುವುದಾದರೆ ಅದು ಕೂರುವ ಜಾಗಕ್ಕೆ ಮೊದಲು ಬಿಳಿ ಬಣ್ಣ ಬಳಿದಿಟ್ಟುಕೊಳ್ಳಿ, ಇಲ್ಲದಿದ್ದರೆ ಕೆಳಗಿನ ಹಸಿರು ಮೇಲಕ್ಕೆ ಬಂದು ಕೇಸರಿ ಮಣ್ಣಾಗುತ್ತದೆ.