ಎನ್‌ಎಡಿ ಆಂಪ್, ಟಾಪಿಂಗ್ ಡ್ಯಾಕ್, ರಾಸ್ಪ್‌ಬೆರಿ ಪೈ: ಒಂದೂವರೆ ವರ್ಷ ಕೇಳಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ನಾನು ಕೇಳುವುದು ಹೆಚ್ಚಾಗಿ ಹಿಂದೂಸ್ತಾನಿ ಗಾಯನ. ಮಲ್ಲಿಕಾರ್ಜುನ ಮನ್ಸೂರರು, ಗಂಗೂಬಾಯಿ ಹಾನಗಲ್ಲರು, ಭೀಮಸೇನ ಜೋಶಿಯವರು, ಬಸವರಾಜ ರಾಜಗುರುಗಳು. ಧಾರವಾಡದ ಮನೆಯಲ್ಲಿ ಇದು ಹೊಸದೇನಲ್ಲ. ಹಾಗಾಗಿ ಬಾಸ್ ಎಷ್ಟು ಗುದ್ದುತ್ತದೆ ಅಂತ ತಿಳಿಯಲು ಬಂದವರಿಗೆ ಇಲ್ಲಿ ಜಾಸ್ತಿ ಸಿಗುವುದಿಲ್ಲ. ತಂಬೂರಿ ಹೇಗೆ ಕೇಳುತ್ತದೆ, ಹಾಡುವವರು ಉಸಿರು ತೆಗೆದುಕೊಳ್ಳುವುದು ಗೊತ್ತಾಗುತ್ತದಾ, ತಬಲಾ ಜೋಡಿಯ ಡಗ್ಗಾದ ಮೇಲೆ ಅಂಗೈ ಜಾರುವುದು ತಿಳಿಯುತ್ತದಾ, ನನಗೆ ಬೇಕಾದದ್ದು ಇಷ್ಟು.

ಬದಲಾಯಿಸಿದ್ದು ಮೂರು ಸಾಮಾನು. ಆಂಪ್ಲಿಫೈಯರ್ ಎನ್‌ಎಡಿ ಸಿ 316ಬಿಇಇ ವಿ2, ಹುಬ್ಬಳ್ಳಿಯಲ್ಲಿ ಒಬ್ಬರಿಂದ ಸೆಕೆಂಡ್ ಹ್ಯಾಂಡ್ ಕೊಂಡಿದ್ದು. ಡ್ಯಾಕ್, ಅಂದರೆ ಡಿಜಿಟಲ್ ಹಾಡನ್ನು ಆಂಪ್‌ಗೆ ಹಿಡಿಸುವ ಅನಲಾಗ್ ಸಿಗ್ನಲ್ ಮಾಡುವ ಡಬ್ಬ, ಟಾಪಿಂಗ್ ಇ30. ಲ್ಯಾಪ್‌ಟಾಪ್ ಜಾಗಕ್ಕೆ ರಾಸ್ಪ್‌ಬೆರಿ ಪೈ 4 ಅನ್ನುವ ಪುಟ್ಟ ಕಂಪ್ಯೂಟರ್, ಅದರಲ್ಲಿ ಹಾಡು ನುಡಿಸಲು ಮೂಡ್ ಆಡಿಯೋ ಎಂಬ ಉಚಿತ ಸಾಫ್ಟ್‌ವೇರ್. ಸ್ಪೀಕರ್ ಹಳೆಯದೇ, ವಾರ್ಫ್‌ಡೇಲ್‌ನ ಬುಕ್‌ಶೆಲ್ಫ್ ಜೋಡಿ. ಕೋಣೆ 12 ಅಡಿಗೆ 14 ಅಡಿ, ಮೇಲೆ ಹಂಚು.

ಇದೆಲ್ಲ ಶುರುವಾದದ್ದು ಒಂದು ಹಮ್ಮಿಂಗ್‌ನಿಂದ. ಅಪ್ಪ 1980ರ ದಶಕದಲ್ಲಿ ಕೊಂಡ ಆಂಪ್ ಮನೆಯಲ್ಲಿತ್ತು. ದನಿ ಚೆನ್ನಾಗಿಯೇ ಇತ್ತು, ಆದರೆ ಹಾಡು ನಿಂತಾಗ ಸ್ಪೀಕರಿನಿಂದ ಗುಂಯ್ ಅಂತ ಒಂದು ಸದ್ದು. ವಾಲ್ಯೂಮ್ ಪೂರ್ತಿ ಇಳಿಸಿದರೂ ಅಷ್ಟೇ. ಸಿನಿಮಾ ಹಾಡಿಗೆ ಇದರಿಂದ ತೊಂದರೆ ಇಲ್ಲ, ವಾದ್ಯಗಳ ಅಡಿಯಲ್ಲಿ ಮುಚ್ಚಿಹೋಗುತ್ತದೆ. ಆಲಾಪಕ್ಕೆ ಮಾತ್ರ ತೊಂದರೆ. ಯಾಕೆ ಅಂತ ಒಂದು ದಿನ ಕೂತು ಲೆಕ್ಕ ಹಾಕಿದೆ. ನಮ್ಮ ಮನೆಗೆ ಬರುವ ಕರೆಂಟ್ 50 ಹರ್ಟ್ಸ್. ಆಂಪ್ ಒಳಗೆ ಅದನ್ನು ಡಿಸಿ ಮಾಡುವಾಗ ಅಲೆಯ ಎರಡೂ ಅರ್ಧ ಬಳಕೆಯಾಗುತ್ತವೆ, ಹಾಗಾಗಿ ಉಳಿಯುವ ಏರಿಳಿತ 100 ಹರ್ಟ್ಸ್‌ನದ್ದು. ಆ ಏರಿಳಿತವನ್ನು ಸಮ ಮಾಡುವುದು ಒಳಗಿರುವ ದಪ್ಪ ಕೆಪಾಸಿಟರ್‌ಗಳ ಕೆಲಸ, ಅವು ಇಷ್ಟು ವರ್ಷದಲ್ಲಿ ಒಣಗಿ ಶಕ್ತಿ ಕಳೆದುಕೊಂಡಿರುತ್ತವೆ. ಈಗ ಹಾರ್ಮೋನಿಯಂನ ಕಪ್ಪು ಒಂದನ್ನು, ಅಂದರೆ ಮೊದಲ ಕಪ್ಪು ಮನೆಯನ್ನು, ಷಡ್ಜ ಮಾಡಿಕೊಂಡು ಹಾಡುವ ಗಂಡು ದನಿಯನ್ನು ತೆಗೆದುಕೊಳ್ಳಿ. ಷಡ್ಜ ಸುಮಾರು 138.6 ಹರ್ಟ್ಸ್, ಅದರ ಕೆಳಗಿನ ಮಂದ್ರ ಪಂಚಮ ಸುಮಾರು 104. ತಂಬೂರಿಯ ಮೊದಲ ತಂತಿ ಅದೇ. ಅದರ ಪಕ್ಕದಲ್ಲೇ ನನ್ನ ಆಂಪ್ 100 ಹರ್ಟ್ಸ್‌ನಲ್ಲಿ ಗುಂಯ್‌ಗುಡುತ್ತಿತ್ತು. ಅಂದರೆ ಯಾರೋ ಪಂಚಮದ ತಂತಿಯನ್ನು ಸ್ವಲ್ಪ ಸಡಿಲ ಬಿಟ್ಟು ಮೀಟಿದ ಹಾಗೆ, ಎರಡೂ ಸೇರಿ ಸೆಕೆಂಡಿಗೆ ನಾಲ್ಕು ಸಲ ಅಲೆ ಅಲೆಯಾಗಿ ಏಳುತ್ತಿತ್ತು. ಇಷ್ಟು ವರ್ಷ ಆ ತಂಬೂರಿಗಳ ಶ್ರುತಿಯೇ ಸ್ವಲ್ಪ ಸರಿಯಿಲ್ಲ ಅಂತ ನಾನು ಅಂದುಕೊಂಡಿದ್ದೆ. ಅಂಥ ದೊಡ್ಡ ಗಾಯಕರ ತಂಬೂರಿಯನ್ನು!

ಆಂಪ್ ಹುಡುಕುವಾಗ ಎಲ್ಲರೂ ಕೇಳಿದ್ದು ಎಷ್ಟು ವ್ಯಾಟ್ ಬೇಕು ಅಂತ. ನನ್ನ ಅನುಭವದಲ್ಲಿ ಸಣ್ಣ ಕೋಣೆಗೆ ಇದು ಕೊನೆಯಲ್ಲಿ ಕೇಳಬೇಕಾದ ಪ್ರಶ್ನೆ. ಸ್ಪೀಕರಿನ ಸೆನ್ಸಿಟಿವಿಟಿ 86 ಡೆಸಿಬಲ್ ಅಂದರೆ 1 ವ್ಯಾಟ್ ಕೊಟ್ಟಾಗ 1 ಮೀಟರ್ ದೂರದಲ್ಲಿ 86 ಡೆಸಿಬಲ್ ಸದ್ದು. ಅದು ಆಗಲೇ ಜೋರು. ವ್ಯಾಟ್ ಎರಡು ಪಟ್ಟು ಮಾಡಿದರೆ ಸಿಗುವುದು ಬರೀ 3 ಡೆಸಿಬಲ್, ಕಿವಿಗೆ ಒಂಚೂರು ಏರಿದ ಹಾಗೆ ಅಷ್ಟೇ. 40 ವ್ಯಾಟ್‌ನ ಆಂಪ್ ಬಿಟ್ಟು 80 ವ್ಯಾಟ್‌ನದ್ದಕ್ಕೆ ದುಡ್ಡು ಸುರಿದರೆ ಸಿಗುವುದೂ ಆ 3 ಡೆಸಿಬಲ್ ಮಾತ್ರ. ಸಂಜೆ ಹೊತ್ತು ನಾನು ಕೇಳುವ ಮಟ್ಟಕ್ಕೆ ಅರ್ಧ ವ್ಯಾಟ್ ಕೂಡ ಹೋಗುತ್ತಿರಲಿಕ್ಕಿಲ್ಲ. ಆ ಅರ್ಧ ವ್ಯಾಟ್ ಶುದ್ಧವಾಗಿರಬೇಕು, ಅದರ ಹಿಂದೆ ನಿಶ್ಶಬ್ದ ಇರಬೇಕು.

ಎನ್‌ಎಡಿಯನ್ನು ಆರಿಸಿದ್ದು ಅದಕ್ಕೇ. ಈ ಕಂಪನಿಯ 3020 ಅನ್ನುವ ಆಂಪ್ 1978ರಲ್ಲಿ ಬಂತು, ಕಾಗದದ ಮೇಲೆ ಬರೀ 20 ವ್ಯಾಟ್, ಆದರೂ ಪ್ರಪಂಚದ ತುಂಬ ಹೆಸರು ಮಾಡಿತು. ಅದನ್ನು ರೂಪಿಸಿದ ಇಂಜಿನಿಯರ್ ಬ್ಯೋರ್ನ್ ಎರಿಕ್ ಎಡ್ವರ್ಡ್‌ಸೆನ್. ಮಾಡೆಲ್ ಹೆಸರಿನಲ್ಲಿರುವ ಬಿಇಇ ಅವರ ಹೆಸರಿನ ಮೊದಲಕ್ಷರಗಳೇ. ನನ್ನದು ಚಾನೆಲ್‌ಗೆ 40 ವ್ಯಾಟ್‌ನದ್ದು. ಬಾಸ್, ಟ್ರೆಬಲ್ ಗುಂಡಿಗಳಿವೆ, ಬೇಡವಾದಾಗ ಅವನ್ನು ದಾರಿಯಿಂದ ತಪ್ಪಿಸುವ ಸ್ವಿಚ್ ಇದೆ. ಎಲ್‌ಪಿ ಪ್ಲೇಯರ್ ನೇರವಾಗಿ ಸಿಕ್ಕಿಸಬಹುದು. ಡಿಜಿಟಲ್ ಇನ್‌ಪುಟ್ ಒಂದೂ ಇಲ್ಲ, ಬ್ಲೂಟೂತ್ ಇಲ್ಲ. ಕೆಲವರಿಗೆ ಇದು ಕೊರತೆ. ನನಗೆ ಹೀಗಿದ್ದದ್ದೇ ಒಳ್ಳೆಯದಾಯಿತು, ಯಾಕೆಂದರೆ ಡಿಜಿಟಲ್ ಭಾಗ ಐದು ವರ್ಷಕ್ಕೆ ಹಳತಾಗುತ್ತದೆ, ಆಂಪ್ ಇಪ್ಪತ್ತು ವರ್ಷ ಬರುತ್ತದೆ. ಎರಡನ್ನೂ ಒಂದೇ ಡಬ್ಬದಲ್ಲಿ ಕಟ್ಟಿಹಾಕುವುದು ಯಾಕೆ?

ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಟಿಪಿಎ3255 ಚಿಪ್ ಹಾಕಿದ ಅಂಗೈಯಗಲದ ಕ್ಲಾಸ್ ಡಿ ಆಂಪ್‌ಗಳು ಈಗ ಎಲ್ಲೆಡೆ ಸಿಗುತ್ತವೆ. ಗೆಳೆಯರದ್ದನ್ನು ಒಂದು ವಾರ ತಂದಿಟ್ಟು ಕೇಳಿದೆ. ನಿಜವಾಗಿಯೂ ಚೆನ್ನಾಗಿದೆ, ಕಡಿಮೆ ದುಡ್ಡಿಗೆ ಅದನ್ನೇ ಕೊಳ್ಳಿ ಅಂತ ಯಾರಿಗಾದರೂ ಹೇಳುತ್ತೇನೆ. ಆದರೆ ಅದಕ್ಕೆ ಇದ್ದದ್ದು ಒಂದೇ ಇನ್‌ಪುಟ್, ನಮ್ಮ ಮನೆಯಲ್ಲಿ ಟಿವಿ, ಎಲ್‌ಪಿ ಎರಡೂ ಇವೆ.

ಹೊಸ ಆಂಪ್ ತಂದ ದಿನ ಖುಷಿ ಅರ್ಧಕ್ಕೆ ನಿಂತಿತು. ಆಂಪ್ ಒಂದೇ ಇದ್ದಾಗ ಸ್ಪೀಕರಿಗೆ ಕಿವಿ ಹಚ್ಚಿದರೂ ಸದ್ದಿಲ್ಲ. ಲ್ಯಾಪ್‌ಟಾಪ್‌ನ ಹೆಡ್‌ಫೋನ್ ತೂತಿನಿಂದ ಕೇಬಲ್ ಎಳೆದ ಕೂಡಲೇ ಕರಕರ ಸದ್ದು, ಮೌಸ್ ಸರಿಸಿದರೆ ಅದೂ ಕೇಳಿಸುತ್ತಿತ್ತು. ಚಾರ್ಜರ್ ಕಿತ್ತರೆ ನಿಲ್ಲುತ್ತದೆ, ಹಾಕಿದರೆ ಮತ್ತೆ ಶುರು. ಆಗ ನೆನಪಾಯಿತು, ಚಾರ್ಜ್ ಆಗುವಾಗ ಲ್ಯಾಪ್‌ಟಾಪ್ ಮೇಲೆ ಕೈಯಿಟ್ಟರೆ ಮೊದಲಿಂದಲೂ ಜುಮ್ ಅನ್ನುತ್ತಿತ್ತು. ಪ್ಲಗ್‌ಗೆ ಮೂರು ಪಿನ್ ಇದ್ದವು, ಗೋಡೆಯಲ್ಲಿ ಮೂರು ತೂತು ಇದ್ದವು, ಮೂರನೆಯದರ ಹಿಂದೆ ಅರ್ತಿಂಗ್ ವೈರೇ ಇರಲಿಲ್ಲ! ಎಲೆಕ್ಟ್ರಿಷಿಯನ್ ಬಂದು ಹಿತ್ತಲಲ್ಲಿ ಗುಂಡಿ ತೋಡಿ, ಪೈಪ್ ಇಳಿಸಿ, ಸುತ್ತ ಇದ್ದಿಲು ಉಪ್ಪು ತುಂಬಿ, ನೀರು ಹಾಕಿ ಹೊಸ ಅರ್ತಿಂಗ್ ಮಾಡಿಕೊಟ್ಟರು. ಜುಮ್ ಅನ್ನುವುದು ಅವತ್ತೇ ಹೋಯಿತು, ಕರಕರ ಮುಕ್ಕಾಲು ಪಾಲು ಹೋಯಿತು. ನೀವು ಹೈಫೈಗೆ ಒಂದು ರೂಪಾಯಿ ಹಾಕುವ ಮೊದಲು ಇದನ್ನು ನೋಡಿಸಿ. ಹಮ್ಮಿಂಗ್ ಹೋಗಲಿ ಅಂತ ಪ್ಲಗ್‌ನ ಅರ್ತ್ ಪಿನ್ ಮುರಿಯುವವರನ್ನು ಕಂಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ, ಅದು ಜೀವ ಉಳಿಸುವ ವೈರು.

ಉಳಿದ ಕಾಲು ಭಾಗಕ್ಕೆ ಡ್ಯಾಕ್ ಬಂತು. ಇ30 ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು, ಯುಎಸ್‌ಬಿ, ಆಪ್ಟಿಕಲ್, ಕೋಆಕ್ಸಿಯಲ್ ಮೂರೂ ಇವೆ, 5 ವೋಲ್ಟ್‌ನಲ್ಲಿ ನಡೆಯುತ್ತದೆ, ರಿಮೋಟ್ ಇದೆ. ಇದಕ್ಕೆ ತನ್ನದೇ ಅಂತ ಒಂದು ದನಿ ಇದೆ ಅಂತ ನನಗೆ ಅನ್ನಿಸಿಲ್ಲ, ಅದನ್ನು ಹೊಗಳಿಕೆಯಾಗಿಯೇ ಹೇಳುತ್ತಿದ್ದೇನೆ. ಒಂದು ವಿಷಯ ಗಮನಿಸಿ. ಇದರ ಔಟ್‌ಪುಟ್ 2 ವೋಲ್ಟ್, ಹಾಗಾಗಿ ಆಂಪ್‌ನ ವಾಲ್ಯೂಮ್ ಗುಂಡಿ ಸ್ವಲ್ಪ ತಿರುಗಿಸುವಷ್ಟರಲ್ಲಿ ಜೋರಾಗಿಬಿಡುತ್ತದೆ. ನಾನು ಡ್ಯಾಕನ್ನು ಪ್ರಿಆಂಪ್ ಮೋಡ್‌ಗೆ ಹಾಕಿ 10 ಡೆಸಿಬಲ್ ಇಳಿಸಿಟ್ಟಿದ್ದೇನೆ, ಈಗ ಗುಂಡಿ ಆರಾಮಾಗಿ ಮಧ್ಯದವರೆಗೆ ಹೋಗುತ್ತದೆ.

ಲ್ಯಾಪ್‌ಟಾಪಲ್ಲಿ ಹಾಡು ನುಡಿಸಲು ಫೂಬಾರ್2000 ಅನ್ನುವ ಸಾಫ್ಟ್‌ವೇರ್ ಬಳಸುತ್ತಿದ್ದೆ. ಅದೇನೂ ಕಡಿಮೆಯದ್ದಲ್ಲ. ವಿಂಡೋಸ್ ಮಾಮೂಲಿಯಾಗಿ ಎಲ್ಲ ಸದ್ದನ್ನೂ ಒಂದೇ ಕಡೆ ಕಲಸಿ ಒಂದೇ ಸ್ಯಾಂಪಲ್ ದರಕ್ಕೆ (ಸದ್ದನ್ನು ಸೆಕೆಂಡಿಗೆ ಎಷ್ಟು ಸಲ ಅಳೆದಿದೆ ಅನ್ನುವ ಲೆಕ್ಕ) ಬದಲಾಯಿಸಿ ಹೊರಗೆ ಕಳಿಸುತ್ತದೆ, ಸಿಡಿಯ 44.1 ಕಿಲೋಹರ್ಟ್ಸ್ ಅಲ್ಲಿ 48 ಆಗಿಬಿಡಬಹುದು, ಜೊತೆಗೆ ಜೋಗಿಯಾ ರಾಗದ ನಡುವೆ ಮೇಲ್ ಬಂತೆಂದು ಟಿಣ್ ಅನ್ನುತ್ತದೆ. ಫೂಬಾರ್‌ನಲ್ಲಿ ವಾಸಪಿ ಎಕ್ಸ್‌ಕ್ಲೂಸಿವ್ ಅನ್ನುವುದನ್ನು ಆನ್ ಮಾಡಿದರೆ ಎರಡೂ ನಿಲ್ಲುತ್ತವೆ. ಲ್ಯಾಪ್‌ಟಾಪ್ ಇರುವವರು ಇಷ್ಟು ಮಾಡಿಕೊಂಡು ಸುಮ್ನೆ ಕೇಳುತ್ತಾ ಇರಬಹುದು. ನನಗೆ ಬೇಡವಾಗಿದ್ದು ಅದರ ಫ್ಯಾನ್ ಸದ್ದು, ಮತ್ತೆ ಹಾಡು ಹಾಕಲು ಹೋಗಿ ಆಫೀಸಿನ ಕೆಲಸ ತೆರೆದು ಕೂರುವುದು.

ಪೈಗೆ ಫ್ಯಾನ್ ಇಲ್ಲ, ಪರದೆ ಇಲ್ಲ. ಮೂಡ್ ಅನ್ನು ಎಸ್‌ಡಿ ಕಾರ್ಡ್‌ಗೆ ಬರೆದು ಹಾಕಿದರೆ ಮನೆಯ ವೈಫೈಗೆ ಸೇರಿಕೊಳ್ಳುತ್ತದೆ, ಮೊಬೈಲ್ ಬ್ರೌಸರಿನಲ್ಲೇ ಎಲ್ಲ ಮಾಡಬಹುದು. ಕನ್ನಡದಲ್ಲಿ ಬರೆದ ಹೆಸರುಗಳು ಸರಿಯಾಗಿ ಕಾಣುತ್ತವೆ, ನನಗೆ ಇದು ದೊಡ್ಡ ಸಮಾಧಾನ. ಹಾಡಿನ ಫೈಲಿಗೆ ಟ್ಯಾಗ್ (ಹೆಸರು, ವಿವರ) ಬರೆಯುವಾಗ ಜಾನರ್, ಅಂದರೆ ಸಂಗೀತದ ಬಗೆ, ಅನ್ನುವ ಜಾಗದಲ್ಲಿ ನಾನು ರಾಗದ ಹೆಸರು ಹಾಕುತ್ತೇನೆ. ಸಂಜೆ ಮಾರ್ವಾ ಒತ್ತಿದರೆ ನನ್ನ ಹತ್ತಿರ ಇರುವ ಮಾರ್ವಾ ಎಲ್ಲವೂ ಒಟ್ಟಿಗೆ ಬರುತ್ತವೆ, ಯಾರು ಹಾಡಿದ್ದಾದರೂ ಸರಿ. ಹೀಗೆ ಒಂದೇ ರಾಗವನ್ನು ನಾಲ್ಕು ಜನರಲ್ಲಿ ಕೇಳುತ್ತಾ ಹೋದಾಗ ಆಗುವ ಸಂತೋಷ ಸಿಡಿ ಬದಲಾಯಿಸುತ್ತಿದ್ದಾಗ ನನಗೆ ಸಿಕ್ಕಿರಲಿಲ್ಲ.

ಆಕಾಶವಾಣಿ ತನ್ನ ಸಂಗ್ರಹದಿಂದ ಹೊರತಂದ ಸಿಡಿಗಳೂ ಸೇರಿ ನನ್ನಲ್ಲಿ ಮುನ್ನೂರರ ಹತ್ತಿರ ಇದ್ದವು. ಎಲ್ಲವನ್ನೂ ಎಕ್ಸಾಕ್ಟ್ ಆಡಿಯೋ ಕಾಪಿ ಅನ್ನುವ ಸಾಫ್ಟ್‌ವೇರ್ ಬಳಸಿ ಫ್ಲಾಕ್, ಅಂದರೆ ಸಿಡಿಯಲ್ಲಿದ್ದದ್ದು ಏನೂ ಕಳೆಯದ ಫೈಲ್, ಮಾಡಿಕೊಂಡೆ, ಮೂರು ತಿಂಗಳು ಹಿಡಿಯಿತು. ಎಂಪಿ3 ಬೇಡ ಅಂದದ್ದು ಬರೀ ಗುಣಮಟ್ಟಕ್ಕಲ್ಲ. ಕಛೇರಿಯ ಸಿಡಿಗಳಲ್ಲಿ ನಿಧಾನ ಲಯದ ವಿಲಂಬಿತ ಒಂದು ಟ್ರ್ಯಾಕ್, ವೇಗದ ದ್ರುತ್ ಇನ್ನೊಂದು ಟ್ರ್ಯಾಕ್, ನಡುವೆ ತಂಬೂರಿ ನಿಲ್ಲದೆ ಹರಿಯುತ್ತಿರುತ್ತದೆ. ಎಂಪಿ3ಯಲ್ಲಿ ಪ್ರತಿ ಫೈಲಿನ ತುದಿಗೂ ಒಂದು ಚೂರು ಖಾಲಿ ಸೇರಿಕೊಳ್ಳುತ್ತದೆ, ಪ್ಲೇಯರ್ ಅದನ್ನು ಕಳೆಯದಿದ್ದರೆ ತಂಬೂರಿ ಸರಿಯಾಗಿ ಆ ಜಾಗದಲ್ಲಿ ಬಿಕ್ಕಳಿಸುತ್ತದೆ. ಫ್ಲಾಕ್‌ನಲ್ಲಿ ಆ ರಗಳೆ ಇಲ್ಲ. ಸಿಡಿಗಿಂತ ಮೇಲಿನ ಮಟ್ಟದ 24 ಬಿಟ್ 96 ಕಿಲೋಹರ್ಟ್ಸ್ ಫೈಲ್ ಬೇಕಾ ಅಂದರೆ, ಹಳೆಯ ರೇಡಿಯೋ ಟೇಪಿನಿಂದ ಬಂದ ಹಾಡಿಗೆ ಸಿಡಿಯ ಮಟ್ಟವೇ ಬೇಕಾದಷ್ಟಾಯಿತು.

ಪೈನಲ್ಲಿ ಎರಡು ಕಡೆ ಎಡವಿದೆ. ನಮ್ಮಲ್ಲಿ ಮಳೆಗಾಲದಲ್ಲಿ ಕರೆಂಟ್ ಹೋಗಿ ಬಂದು ಮಾಡುತ್ತದೆ, ಹಾಗೆ ಒಮ್ಮೆ ಎಸ್‌ಡಿ ಕಾರ್ಡ್ ಕೆಟ್ಟಿತು. ಎಲ್ಲ ಸೆಟ್ಟಿಂಗ್ ಮಾಡಿದ ಮೇಲೆ ಕಾರ್ಡಿನ ಒಂದು ನಕಲು ಮಾಡಿಟ್ಟುಕೊಳ್ಳಿ, ಹತ್ತು ನಿಮಿಷದಲ್ಲಿ ಮತ್ತೆ ಎದ್ದು ನಿಲ್ಲುತ್ತದೆ. ಇನ್ನೊಂದು, ಪೈ 4ರ ನಾಲ್ಕೂ ಯುಎಸ್‌ಬಿಗೆ ಸೇರಿ ಸಿಗುವುದು 1.2 ಆಂಪಿಯರ್ ಮಾತ್ರ. ತಿರುಗುವ ಹಾರ್ಡ್‌ಡಿಸ್ಕ್ ಹಾಕಿ ಡ್ಯಾಕ್‌ಗೂ ಅಲ್ಲಿಂದಲೇ ಕರೆಂಟ್ ಕೊಟ್ಟರೆ ಹಾಡು ಆಗಾಗ ನಿಲ್ಲುತ್ತದೆ. ಡ್ಯಾಕ್‌ಗೆ ಬೇರೆ ಚಾರ್ಜರ್ ಕೊಟ್ಟು ಎಸ್‌ಎಸ್‌ಡಿ ಹಾಕಿದ ಮೇಲೆ ತೊಂದರೆಯಿಲ್ಲ.

ಈಗ ಕೇಳಲು ಹೇಗಿದೆ? ಗಾಯಕರು ಬಾಯಿ ತೆರೆಯುವ ಮೊದಲಿನ ಅರ್ಧ ನಿಮಿಷವೇ ನನಗೆ ಬೇರೆಯಾಗಿದೆ. ಪಂಚಮ, ಜೋಡಿ ಷಡ್ಜ, ಖರಜ (ಕೆಳಗಿನ ಷಡ್ಜ), ನಾಲ್ಕು ತಂತಿಯನ್ನೂ ಬೆರಳಿಟ್ಟು ಎಣಿಸಬಹುದು. ಒಂದು ತಂತಿಯ ಜವಾರಿ, ಅಂದರೆ ಅದರ ಝೇಂಕಾರ, ಕರಗುವ ಮೊದಲೇ ಇನ್ನೊಂದು ಬಂದು ಸೇರುತ್ತದೆ, ಎರಡು ತಂಬೂರಿ ಇದ್ದರೆ ಒಂದು ಎಡಕ್ಕೆ ಒಂದು ಬಲಕ್ಕೆ ಕೂತದ್ದು ತಿಳಿಯುತ್ತದೆ. ಮೀರಜ್‌ನ ಒಳ್ಳೆಯ ತಂಬೂರಿಯ ಪಕ್ಕ ಕೂತವರಿಗೆ ನಾನು ಹೇಳುತ್ತಿರುವುದು ಗೊತ್ತಾಗುತ್ತದೆ. ಹಳೆಯ ಧ್ವನಿಮುದ್ರಣದ ಟೇಪಿನ ಸುಯ್ ಸದ್ದು ಕೂಡ ಈಗ ಸ್ಪಷ್ಟವಾಗಿ ಕೇಳುತ್ತದೆ, ಅದು ನಿಜ, ಆದರೆ ಎರಡು ನಿಮಿಷದಲ್ಲಿ ಕಿವಿ ಅದನ್ನು ಬಿಟ್ಟುಬಿಡುತ್ತದೆ.

ಒಂದು ಮಾತು ಮುಚ್ಚಿಡಬಾರದು. ಅಪ್ಪನ ಆಂಪನ್ನು ಆಮೇಲೆ ರಿಪೇರಿಯವರ ಹತ್ತಿರ ಒಯ್ದೆ. ವಿದ್ಯುತ್ ಭಾಗದ ಕೆಪಾಸಿಟರ್‌ಗಳನ್ನು ಬದಲಾಯಿಸಿ ಕೊಟ್ಟರು, ಸಾಮಾನು ಕೂಲಿ ಸೇರಿ ಹೊಸ ಆಂಪ್‌ನ ಹತ್ತನೇ ಒಂದು ಭಾಗವೂ ಆಗಲಿಲ್ಲ. ಹಮ್ಮಿಂಗ್ ಹೋಯಿತು. ಎನ್‌ಎಡಿ ಇನ್ನೂ ತಿಳಿಯಾಗಿದೆ, ಅದರಲ್ಲಿ ನನಗೆ ಅನುಮಾನವಿಲ್ಲ, ಆದರೆ ಅರ್ತಿಂಗ್ ಮತ್ತು ಕೆಪಾಸಿಟರ್ ಇವೆರಡನ್ನು ಮೊದಲೇ ಮಾಡಿಸಿದ್ದರೆ ಆಂಪ್‌ನ ದುಡ್ಡನ್ನು ಸ್ಪೀಕರಿಗೆ ಇಟ್ಟುಕೊಳ್ಳುತ್ತಿದ್ದೆ. ನಿಮ್ಮ ಮನೆಯಲ್ಲಿ ಹಳೆಯ ಆಂಪ್ ಇದ್ದರೆ ಅಲ್ಲಿಂದಲೇ ಶುರು ಮಾಡಿ. ನಮ್ಮದು ಈಗ ಅಡುಗೆಮನೆ ಪಕ್ಕದ ಕೋಣೆಯಲ್ಲಿದೆ, ಬೆಳಿಗ್ಗೆ ಅವ್ವ ಅದರಲ್ಲೇ ಧಾರವಾಡ ಆಕಾಶವಾಣಿ ಕೇಳುತ್ತಾಳೆ.