ಲುಕೇಮಿಯಾ ಮರುಕಳಿಕೆಯ ಶಂಕೆ: ಚರ್ಮದ ಪಂಚ್ ಬಯಾಪ್ಸಿ ಎಷ್ಟು ಉಪಯುಕ್ತ?

ಲುಕೇಮಿಯಾ (ರಕ್ತದ ಕ್ಯಾನ್ಸರ್) ಹತೋಟಿಗೆ ಬಂದ ಮೇಲೆ ಮೈಮೇಲೆ ಕೆಂಪು-ಕಂದು ಇಲ್ಲವೇ ನೇರಳೆ ಬಣ್ಣದ ಗಂಟುಗಳೆದ್ದು, ಒತ್ತಿದರೆ ರಬ್ಬರಿನಂತೆ ಗಟ್ಟಿಯಾಗಿದ್ದರೆ, ಅಲರ್ಜಿಯೆಂದು ಮುಲಾಮು ಹಚ್ಚಿಕೊಂಡು ಕಾಯಬೇಡಿ. ರಕ್ತದ ವರದಿ ಸರಿಯಿದ್ದಾಗಲೂ ಕಾಯಿಲೆ ಮೊದಲು ಚರ್ಮದಲ್ಲೇ ಮರಳಬಹುದು. ಎಎಂಎಲ್ ಎಂಬ, ವೇಗವಾಗಿ ಬೆಳೆಯುವ ಲುಕೇಮಿಯಾದಲ್ಲಿ, ಅದರಲ್ಲೂ ಮಾನೋಸೈಟ್ (ಒಂದು ಜಾತಿಯ ಬಿಳಿ ರಕ್ತಕಣ) ಬಗೆಯದರಲ್ಲಿ ಇದು ಹೆಚ್ಚು.

ಇಲ್ಲಿ ನಾವು ನೆಚ್ಚುವ ಪರೀಕ್ಷೆ ಪಂಚ್ ಬಯಾಪ್ಸಿ. ಜಾಗ ಮರಗಟ್ಟಿಸಿ, 4 ಮಿ.ಮೀ. ಅಗಲದ ತುಂಡನ್ನು ಕೊಬ್ಬಿನ ಪದರದವರೆಗೂ ತೆಗೆದು ಒಂದೆರಡು ಹೊಲಿಗೆ ಹಾಕುತ್ತಾರೆ. ಮೇಲ್ಮೇಲೆ ಹೆರೆದ ಚೂರು ಸಾಲದು: ಕ್ಯಾನ್ಸರ್ ಕೋಶಗಳು ಸಾಮಾನ್ಯವಾಗಿ ಮೇಲ್ಪದರ ಬಿಟ್ಟು ಆಳದಲ್ಲಿ ಕೂತಿರುತ್ತವೆ. ಪ್ಲೇಟ್‌ಲೆಟ್ ಕಡಿಮೆಯಿದ್ದರೂ ಸಾಮಾನ್ಯವಾಗಿ ಮಾಡಬಹುದು, ಹೆಚ್ಚು ಹೊತ್ತು ಒತ್ತಿಹಿಡಿಯಬೇಕಷ್ಟೇ.

ಎಡವಟ್ಟಾಗುವುದು ಬಾಟಲಿಯಲ್ಲಿ. ತೆಗೆದದ್ದೆಲ್ಲವನ್ನೂ ಫಾರ್ಮಲಿನ್‌ಗೆ (ತುಂಡು ಕೆಡದಂತಿಡುವ ದ್ರಾವಣ) ಹಾಕಿದರೆ ಕಲ್ಚರ್‌ಗೆ, ಅಂದರೆ ರೋಗಾಣು ಬೆಳೆಸಿ ನೋಡುವ ಪರೀಕ್ಷೆಗೆ, ಏನೂ ಉಳಿಯದು. ಫಂಗಸ್ ಸೋಂಕಿನ ಗಂಟೂ ನೋಡಲು ಹೀಗೇ ಇರಬಹುದು, ಆದ್ದರಿಂದ ಇನ್ನೊಂದು ತುಂಡು ಸ್ಟೆರೈಲ್ ಸಲೈನ್‌ನಲ್ಲಿ (ರೋಗಾಣುರಹಿತ ಉಪ್ಪುನೀರು) ಹೋಗಲೇಬೇಕು. ಚೀಟಿಯಲ್ಲಿ ಬರೀ ‘ಚರ್ಮದ ಗಂಟು’ ಎಂದಿದ್ದರೆ ಲ್ಯಾಬ್‌ನವರಿಗೆ ದಾರಿ ತಪ್ಪುತ್ತದೆ. ಹಿಂದಿನ ಲುಕೇಮಿಯಾದ ಬಗೆ, ಮಾರ್ಕರ್‌ಗಳನ್ನು (ಕೋಶದ ಬಗೆ ಗುರುತಿಸುವ ಪ್ರೋಟೀನ್‌ಗಳು) ಬರೆಸಿ. ಮಾನೋಸೈಟ್ ಬಗೆಯಲ್ಲಿ ಸಿಡಿ34 ಎಂಬ ಮಾರ್ಕರ್ ಹೆಚ್ಚಾಗಿ ನೆಗೆಟಿವ್ ಬರುತ್ತದೆ, ಹಾಗೆಂದು ಕಾಯಿಲೆ ಇಲ್ಲವೆಂದಲ್ಲ. ಮಾನೋಸೈಟ್ ಗುರುತಿಸಲು ನೆರವಾಗುವ ಸಿಡಿ68, ಲೈಸೋಜೈಮ್ ಮಾರ್ಕರ್‌ಗಳನ್ನು ನೋಡದೆ ‘ಏನಿಲ್ಲ’ ಎಂದ ವರದಿಯನ್ನು ನಾವು ಒಪ್ಪುವುದಿಲ್ಲ.

ಪಾಸಿಟಿವ್ ಬಂದರೆ ಬರೀ ಗಂಟಿಗೆ ಚಿಕಿತ್ಸೆ ಸಾಲದು, ತಡಮಾಡದೆ ಅಸ್ಥಿಮಜ್ಜೆಯ ಪರೀಕ್ಷೆ ಆಗಬೇಕು.